ಹದಿಮೂರು ಅಂಕದ ಅಳತೆ

ಉತ್ತರಪತ್ರಿಕೆಗಳ ಎರಡು ಕಟ್ಟು ಎದುರಿಗಿಟ್ಟು ಕೂಡಿಸಿ ನೋಡಿದ ವೃಷಭ ನಂಬಲಾರದೆ ಮತ್ತೊಮ್ಮೆ ಕೂಡಿಸಿದ. ಪಾಠಕ್ಕೆ ಮೊದಲು ಹುಡುಗರ ಸರಾಸರಿ ಎಪ್ಪತ್ತೊಂದು. ಪಾಠವಾದ ಮೇಲೆ ಐವತ್ತೆಂಟು!

ಕಾಗವಾಡ ಕಡೆಯ ಕಾಲೇಜೊಂದರಲ್ಲಿ ಅವನು ಸಸ್ಯಶಾಸ್ತ್ರದ ಅತಿಥಿ ಉಪನ್ಯಾಸಕ. ಹುಡುಗರು ನಿಜವಾಗಿ ಎಷ್ಟು ಕಲಿತರೆಂದು ಅಳೆಯುವ ಪದ್ಧತಿ ರೂಪಿಸಿರೆಂದು ವಿಶ್ವವಿದ್ಯಾಲಯ ಕೇಳಿದಾಗ ಉಳಿದವರೆಲ್ಲ ಜಾರಿಕೊಂಡರು. ಇವನು ಆರು ತಿಂಗಳು ಕತ್ತೆಯಂತೆ ದುಡಿದ. ಅವೇ ಪ್ರಶ್ನೆ, ಪಾಠಕ್ಕೆ ಮೊದಲೊಮ್ಮೆ, ನಂತರವೊಮ್ಮೆ. ಹೆಸರಿಲ್ಲ, ನಕಲಿಗೆ ದಾರಿಯಿಲ್ಲ. ಅಚ್ಚುಕಟ್ಟೆಂದರೆ ಅಚ್ಚುಕಟ್ಟು! ಇಂದು ವಿಶ್ವವಿದ್ಯಾಲಯದ ಸಮಿತಿ ಬಂದು ನೋಡಿ ಮೆಚ್ಚಿದರೆ ಮುಂದಿನ ವರ್ಷವೂ ಕೆಲಸ, ಇಲ್ಲವಾದರೆ ಮನೆ.

ಎಡವಿದ್ದು ಪಾಠ ಆರಿಸುವಲ್ಲಿ. ಅವನು ಆರಿಸಿದ್ದು ದ್ರಾಕ್ಷಿ ಬಳ್ಳಿಯ ಕಡ್ಡಿ ಕತ್ತರಿಸಿ ಸವರುವ ಪಾಠ; ಆ ಕಡೆಯವರು ಅದನ್ನು ಚಾಟ್ನಿ ಎನ್ನುತ್ತಾರೆ. ಆ ಹುಡುಗರೋ ಪೆನ್ನಿಗಿಂತ ಮೊದಲು ಕತ್ತರಿ ಹಿಡಿದವರು.

"ಗೊತ್ತಿದ್ದದ್ದೂ ಗೊಂದ್ಲ ಆತ್ರಿ ಸರ್," ಎಂದಳು ವಿದ್ಯಾರ್ಥಿನಿ ಮಂಗಲ. "ನಮ್ಮವ್ವ ಕಡ್ಡಿಗೆ ಚಿಗುರೊಡಿಯೂ ಕಣ್ಣ ಒಂದ ಬಿಡು ಅಂತಾಳ, ನಿಮ್ಮ ಬುಕ್ಕ ಮೂರ ಅಂತೈತಿ."

ಕಚೇರಿಯ ಗುಮಾಸ್ತ ಬಾಬಾಸಾಹೇಬ ಇಣುಕಿದ. "ತಲಿ ಯಾಕ ಬಿಸಿ ಮಾಡ್ಕೋತೀರಿ? ಕಟ್ಟಿನ ಮ್ಯಾಲಿನ ಚೀಟಿ ಅದಲಬದಲ ಮಾಡ್ರಿ. ಝಾಲಂ ಕಾಮ, ಕೆಲಸ ಮುಗೀತು!"

"ಬ್ಯಾಡ್ರಿ. ಅಳತೀನ ಸುಳ್ಳಾದ್ರ ಆರ ತಿಂಗಳ ಯಾಕ ದುಡದೆ ನಾನು?"

ಅವನು ಚಹಾ ಕುಡಿದು ಬರುವಷ್ಟರಲ್ಲಿ ಬಾಬಾಸಾಹೇಬ ಉಪಕಾರ ಮಾಡಿಯೇಬಿಟ್ಟಿದ್ದ.

ಮಧ್ಯಾಹ್ನ ಸಮಿತಿಯ ಅಧ್ಯಕ್ಷೆ ಸೌಂದರ್ಯಾ ಮೇಡಂ ಕಟ್ಟು ಬಿಚ್ಚಿದರು. "ಹದಿಮೂರ ಅಂಕ ಏರ್ಯಾವಲ್ರೀ! ಶಾಬಾಸ್!"

ಪ್ರಾಂಶುಪಾಲರ ಮುಖ ಅರಳಿತು. ವೃಷಭನಿಗೆ ನಡೆದದ್ದು ಹೊಳೆಯಿತು. ಬಾಯಿ ಮುಚ್ಚಿಕೊಂಡಿದ್ದರೆ ಕೆಲಸ ಉಳಿಯುತ್ತಿತ್ತು. ಆದರೆ ಆ ಪುಣ್ಯಾತ್ಮ ಎದ್ದು ನಿಂತ.

"ಚೀಟಿ ಅದಲಬದಲ ಆಗ್ಯಾವ್ರಿ ಮೇಡಂ. ಏರಿಲ್ಲ, ಇಳದಾವು."

ಬಾಬಾಸಾಹೇಬ ಹಣೆ ಚಚ್ಚಿಕೊಂಡ. ಮೇಡಂ ಕನ್ನಡಕ ತೆಗೆದು ವೃಷಭನನ್ನೇ ನೋಡಿದರು. "ಇಪ್ಪತ್ತ ಕಾಲೇಜ ತಿರಗಿ ಬಂದೀನ್ರಿ. ಎಲ್ಲಾ ಕಡೆ ಏರಿದ್ದ ಏರಿದ್ದು! ಖರೇ ಹೇಳೂ ಪದ್ಧತಿ ಅಂದ್ರ ಇದೊಂದ. ಎಲ್ಲಾ ಕಾಲೇಜಿಗೂ ಇದನ್ನ ತರೋಣು."

ಚಪ್ಪಾಳೆಯೋ ಚಪ್ಪಾಳೆ. ವೃಷಭನ ಕಣ್ಣು ತುಂಬಿ ಬಂದವು. ಇಂಥವನಿಗೆ ಯಾರಾದರೂ ತಲೆಬಾಗಬೇಕಾದದ್ದೇ.

"ಹಂಗಾರ ಮುಂದಿನ ವರ್ಷ ನನ್ನ ಕೆಲಸ ಗಟ್ಟಿ ಅಂದ್ಹಂಗಾತಲ್ರಿ?"

"ಅದ ಹೆಂಗ್ರಿ?" ಮೇಡಂಗೆ ನಿಜಕ್ಕೂ ಬೇಸರವಾಗಿತ್ತು. "ಹದಿಮೂರ ಅಂಕ ಇಳಿಸಿದವರನ್ನ ಇಟ್ಕೊಳ್ಳಾಕ ಬರ್ತೈತೇನು? ಇಲ್ಲಾ, ನಿಮ್ಮ ಅಳತೀನ ತಪ್ಪೈತಿ ಅಂತೀರೇನು?"

"ಛೇ ಛೇ, ಎಲ್ಲಿದ್ರಿ! ಅಳತಿ ಖರೇ ಐತ್ರಿ," ಎಂದುಬಿಟ್ಟ ವೃಷಭ.