ನೆರೆಹೊರೆಯವರಿದ್ದಾರೆ, ಎಚ್ಚರಿಕೆ!

ಹಳೆಯ ಬಾಗಿಲು ಕಿಟಕಿಗಳ ಸಗಟು ಹಾಗೂ ಚಿಲ್ಲರೆ ವ್ಯಾಪಾರಿಗಳೂ, ನಮ್ಮ ಬೀದಿಯ ಕೊನೆಯ ಅಂಗಳದ ಒಡೆಯರೂ, ಸುಡುಬೇಸಿಗೆಯಲ್ಲೂ ಕೋಟು ಬಿಚ್ಚದ ಧೀರರೂ ಆದ ಮಾನ್ಯರೇ,

ತಮಗೂ, ತಮ್ಮ ಮನೆಯವರಿಗೂ, ತಮ್ಮ ಅಂಗಳದಲ್ಲಿ ಒಂದಕ್ಕೊಂದು ಒರಗಿಕೊಂಡು ನಿಂತಿರುವ ಸಮಸ್ತ ಕದ, ಚೌಕಟ್ಟು, ಕೀಲು, ಚಿಲಕಗಳಿಗೂ ಈ ಬೀದಿಯವರೆಲ್ಲರ ಪರವಾಗಿ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆವು. ಏಕೆಂದರೆ ಮೊನ್ನೆ ಮೊನ್ನೆಯವರೆಗೂ ತಮ್ಮ ಕ್ಷೇಮವನ್ನು ಕಾಯುತ್ತಿದ್ದವರು ನಾವೇ. ನಾನು ಯಾರೆಂದು ತಮಗೆ ಬಿಡಿಸಿ ಹೇಳಬೇಕಿಲ್ಲ, ಆದರೆ ಇದು ಬಹಿರಂಗ ಪತ್ರವಾದ್ದರಿಂದ ಊರಿನವರಿಗಾಗಿ ಹೇಳುತ್ತೇನೆ: ತಮ್ಮ ಅಂಗಳಕ್ಕೆ ಎದುರಾದ ಮಹಡಿಯಲ್ಲಿ, ಕಿಟಕಿಯ ಬೆಳಕಿಗೆ ಯಂತ್ರ ಹಾಕಿಕೊಂಡು ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವವಳು ನಾನು. ಇದೇ ಅಹವಾಲನ್ನು ಖಾಸಗಿಯಾಗಿಯೂ ಹೇಳಿ ನೋಡಿದ್ದೆ. ಆದರೆ ಬಾಗಿಲಿನ ವ್ಯಾಪಾರಿಗಳಾದ ತಾವು ತಮ್ಮ ಕಿವಿಗಳೆರಡನ್ನೂ ಎದುರುಬದುರಾಗಿ ಸದಾ ತೆರೆದಿಟ್ಟಿರುವುದರಿಂದ, ಒಳಹೊಕ್ಕ ಮಾತಿಗೆ ಅಲ್ಲಿ ನಿಲ್ಲಲು ಜಾಗ ಸಿಗಲಿಲ್ಲ.

ವಿಷಯ ತಮ್ಮ ಕಾವಲು ನಾಯಿಯದು. ಮೊದಲಿಗೆ ತಾವು ಅದಕ್ಕೆ ಒದಗಿಸಿದ್ದ ಸೌಕರ್ಯಗಳನ್ನು ಮನಸಾರೆ ಹೊಗಳುವುದು ನನ್ನ ಕರ್ತವ್ಯ. ತುಕ್ಕು ಹಿಡಿದ ತಗಡಿನ ಡ್ರಮ್ಮೊಂದನ್ನು ಅಡ್ಡ ಮಲಗಿಸಿ ತಾವು ಕಟ್ಟಿಸಿಕೊಟ್ಟ ಆ ನಿವಾಸದಲ್ಲಿ ಮಧ್ಯಾಹ್ನದ ಹೊತ್ತು ಒಲೆಯಿಲ್ಲದೆಯೇ ಅಡುಗೆ ಮಾಡಬಹುದಿತ್ತು. ಸರಪಳಿಯ ಉದ್ದವನ್ನೋ ತಾವು ಎಂಥ ಜಾಣ್ಮೆಯಿಂದ ನಿಗದಿ ಮಾಡಿದ್ದಿರೆಂದರೆ, ನೀರಿನ ಬೋಗುಣಿ ಅದರ ಕಣ್ಣಿಗೆ ಸಿಗುತ್ತಿತ್ತು, ನಾಲಿಗೆಗೆ ಸಿಗುತ್ತಿರಲಿಲ್ಲ. ಕೆಡವಿದ ಮನೆಗಳಿಂದ ತಾವು ಕಿತ್ತು ತಂದ ಅಷ್ಟೊಂದು ಬಾಗಿಲುಗಳ ನಡುವೆ ವಾಸವಾಗಿದ್ದರೂ, ಆ ಬಡಪ್ರಾಣಿಗೆ ಒಳಗೆ ಹೋಗಲು ತನ್ನದೆನ್ನುವ ಬಾಗಿಲು ಒಂದೂ ಇರಲಿಲ್ಲ. ಇದ್ದದ್ದು ಒಂದು ನೆರಳು. ಹಸಿರು ಬಣ್ಣದ ಜೋಡಿ ಕದವೊಂದು ಗೇಟಿನ ಬಳಿ ನಿಂತಿತ್ತಷ್ಟೆ. ಅದರ ನೆರಳು ಸರಿದಂತೆಲ್ಲ ನಾಯಿಯೂ ಸರಿಯುತ್ತ, ಬೆಳಗಿನಿಂದ ಸಂಜೆಯವರೆಗೆ ಗಡಿಯಾರದ ಮುಳ್ಳಿನ ಹಾಗೆ ಅರ್ಧ ಸುತ್ತು ಹಾಕುತ್ತಿತ್ತು. ನನ್ನ ಯಂತ್ರದ ಮುಂದೆ ಕುಳಿತೇ ನಾನು ಅದನ್ನು ನೋಡಿ ಊಟದ ಹೊತ್ತಾಯಿತೆಂದು ತಿಳಿಯುತ್ತಿದ್ದೆ.

ಆ ಕದ ಮಾರಾಟವಾಯಿತು. ಒಳ್ಳೆಯ ಗಿರಾಕಿ ಸಿಕ್ಕಿದ್ದಕ್ಕೆ ತಮಗೆ ಅಭಿನಂದನೆಗಳು. ಮರುದಿನ ನಾಯಿ ಅದೇ ಜಾಗಕ್ಕೆ ಬಂದು, ಮೂಸಿ, ಮೂರು ಸುತ್ತು ಸುತ್ತಿ, ಇಲ್ಲದ ನೆರಳಿನಲ್ಲಿ ಮೈ ಮುದುಡಿಕೊಂಡು ಮಲಗಿತು. ಬಿಸಿಲು ಸರಿದಂತೆ ತಾನೂ ಸರಿಯಿತು. ಹೊಲಿಯುತ್ತಿದ್ದ ಚಡ್ಡಿಗೆ ನಾನು ಕಾಲರ್ ಇಟ್ಟದ್ದು ಆವತ್ತೇ.

ಹಾಗಾಗಿ ಬೀದಿಯಿಂದ ಒಂದು ನಿಯೋಗ ತಮ್ಮ ಬಳಿಗೆ ಬಂದದ್ದು ತಮಗೆ ನೆನಪಿರಬಹುದು: ನಾನು, ಕೆಳಗಿನ ಔಷಧಿ ಅಂಗಡಿಯ ಕಾಂಪೌಂಡರ್, ಕಾರು ಕಲಿಸುವ ಅಕ್ಕ, ಮತ್ತು ಟೆಲಿಫೋನ್ ಕಚೇರಿಯಿಂದ ನಿವೃತ್ತರಾದ ನಮ್ಮ ಬೀದಿಯ ಅಜ್ಜ. ತಾವು ಒಂದು ಹೊಸ್ತಿಲ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದಿರಿ. ನಮ್ಮ ಮಾತು ಕೇಳಿ ನನ್ನತ್ತ ತಿರುಗಿ, “ನೋಡಿ ಅಕ್ಕಾ, ಕಾವಲು ನಾಯಿಗೆ ಸುಖ ತೋರಿಸಿದ್ರೆ ಕೆಟ್ಟೋಗುತ್ತೆ. ಅದಕ್ಕೆ ಸಿಟ್ಟಿರಬೇಕು. ಸಿಟ್ಟೇ ಅದರ ಬಂಡವಾಳ. ನಿಮಗೆ ಅಷ್ಟೊಂದು ಕನಿಕರ ಇದ್ರೆ ನೀವೇ ನೋಡ್ಕೊಳ್ಳಿ, ನಾನೇನು ಬೇಡ ಅಂದ್ನಾ?” ಎಂದಿರಿ.

ಆ ಕೊನೆಯ ಮಾತನ್ನು ತಾವು ಆಡಬಾರದಿತ್ತು.

ನಮ್ಮ ಬೀದಿಯವರು ಕೆಲಸವಿಲ್ಲದವರಲ್ಲ, ಆದರೆ ಒಳ್ಳೆಯ ಕೆಲಸ ಸಿಕ್ಕರೆ ಇರುವ ಕೆಲಸ ಬಿಡುವವರು. ನಾನು ಉಳಿದ ಬಟ್ಟೆಗಳಿಂದ ಒಂದು ಹಾಸಿಗೆ ಹೊಲಿದೆ. ಕಾಂಪೌಂಡರ್ ಅದರ ಕಿವಿಯ ಗಾಯಕ್ಕೆ ಮುಲಾಮು ಹಚ್ಚಿದರು, ಆಮೇಲೆ ಗಾಯವಿಲ್ಲದ ಕಿವಿಗೂ ಬೇಸರವಾಗದಿರಲೆಂದು ಹಚ್ಚಿದರು. ಅಕ್ಕ ತನ್ನ ಹಳೆಯ ಕಾರಿನ ಹೊದಿಕೆಯನ್ನು ಚಪ್ಪರದಂತೆ ಕಟ್ಟಿ, ನೀರಿನ ಬೋಗುಣಿಯನ್ನು ಹತ್ತಿರಕ್ಕೆ ತಳ್ಳಿದಳು. ಊಟವಂತೂ ಎಲ್ಲ ಮನೆಗಳಿಂದಲೂ ಬಂತು, ಅದೂ ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ತಿಳಿಯದ ಹಾಗೆ. ಹೆಸರಿನ ವಿಷಯದಲ್ಲಿ ಮಾತ್ರ ಒಮ್ಮತ ಬರಲಿಲ್ಲ. ನಾನು ಗುಂಡಿ ಎಂದೆ, ಕಾಂಪೌಂಡರ್ ಗುಳಿಗೆ ಎಂದರು, ಅಕ್ಕ ಬ್ರೇಕು ಎಂದಳು. ಕೊನೆಗೆ ನಿಂತದ್ದು ಅಜ್ಜನ ಬಾಯಿಂದ ಅಭ್ಯಾಸಬಲದಲ್ಲಿ ಹೊರಟ ಹೆಸರು: ಹಲೋ.

ಅನರ್ಥವಾದದ್ದು ಇದರಿಂದಲೇ. ತಾವು ದಿನವಿಡೀ ಫೋನ್ ಹಿಡಿದು ಅಂಗಳದ ತುಂಬ “ಹಲೋ! ಹಲೋ!” ಎಂದು ಕೂಗುತ್ತ ಓಡಾಡುವವರು. ಆ ಮುಗ್ಧ ಪ್ರಾಣಿ, ಇಷ್ಟು ದಿನ ತನ್ನ ಮುಖ ನೋಡದಿದ್ದ ಯಜಮಾನರು ಈಗ ಬಾಯ್ತುಂಬ ಹೆಸರು ಹಿಡಿದು ಕರೆಯುತ್ತಿದ್ದಾರಲ್ಲ ಎಂದು ಉಬ್ಬಿಹೋಗಿ, ಎರಡೂ ಮುಂಗಾಲುಗಳನ್ನು ತಮ್ಮ ಕೋಟಿನ ಮೇಲಿಟ್ಟು ತಮ್ಮ ಗಲ್ಲವನ್ನು ನೆಕ್ಕಿತು. ಕಾವಲು ನಾಯಿಯೊಂದು ತಮ್ಮನ್ನು ಪ್ರೀತಿಸಿದ್ದು ಕಂಡು ತಾವು ಎಂಥ ಆಘಾತಕ್ಕೆ ಒಳಗಾದಿರೆಂಬುದನ್ನು ನಾನು ಮಹಡಿಯಿಂದ ಕಣ್ಣಾರೆ ಕಂಡೆ. “ಸಿಟ್ಟೇ ಇಲ್ಲದ ನಾಯಿ ನನಗ್ಯಾಕೆ? ಇನ್ನು ಬೊಗಳದಿದ್ರೆ ಊರಾಚೆ ಇಟ್ಟಿಗೆ ಗೂಡಿನೋನಿಗೆ ಕೊಟ್ಟುಬಿಡ್ತೀನಿ!” ಎಂದು ತಾವು ಕೂಗಿದ್ದು ಬೀದಿಗೆಲ್ಲ ಕೇಳಿಸಿತು. ನಾಯಿಗೆ ಅದರಲ್ಲಿ ಬೇಕಾದ ಮಾತು ಒಂದೂ ಇರಲಿಲ್ಲವಾಗಿ, ಬಾಲ ಅಲ್ಲಾಡಿಸುತ್ತಲೇ ಇತ್ತು.

ಅದರ ನೌಕರಿ ಹೋಗುವಂತಾದದ್ದು ನಮ್ಮಿಂದ. ಆದ್ದರಿಂದ ಮೊದಲು ಅದಕ್ಕೆ ಬೊಗಳಲು ಕಲಿಸಲು ಹೊರಟೆವು. ಗೇಟು ಹಿಡಿದು ನಿಂತ ಅಕ್ಕ, ಕಾರು ಕಲಿಸುವಾಗಿನ ತಾಳ್ಮೆಯಿಂದಲೇ, “ನೋಡು, ಮೊದಲು ಉಸಿರು ತಗೋ. ಈಗ ಬಿಡು. ಬೌ! ಹೆದರ್ಕೋಬೇಡ, ನಾನಿದ್ದೀನಲ್ಲ” ಎಂದು ಹೇಳಿಕೊಟ್ಟಳು. ಹಲೋ ತಲೆ ವಾರೆ ಮಾಡಿಕೊಂಡು, ನಾಟಕ ನೋಡಲು ಮುಂದಿನ ಸಾಲಿನಲ್ಲಿ ಕುಳಿತವರ ಹಾಗೆ ಕೇಳಿತು. ಮುಗಿದ ಮೇಲೆ ಅವಳ ಕೈ ನೆಕ್ಕಿತು. ಪಾಠ ಅಷ್ಟಕ್ಕೇ ನಿಂತಿತು.

ಬೇರೆ ದಾರಿಯಿರಲಿಲ್ಲ, ಮಾನ್ಯರೇ. ನಾವೇ ಬೊಗಳಿದೆವು.

ತಾವು ಕೆಡವುವ ಮನೆಗಳ ಕಡೆ ಹೋದಾಗ, ಅಥವಾ ಅಂಗಳದ ಹಿಂದಿನ ಕೊಟ್ಟಿಗೆಯಲ್ಲಿ ಕೀಲು ಹೆಕ್ಕುತ್ತ ಕುಳಿತಾಗ, ಗೇಟಿನ ಹತ್ತಿರ ಯಾರು ಸುಳಿದರೂ ಸುತ್ತಲಿನ ಮನೆಗಳಿಂದ ಒಬ್ಬರಾದರೂ ಬೊಗಳಲೇಬೇಕೆಂದು ಒಪ್ಪಂದವಾಯಿತು. ಕಾಂಪೌಂಡರ್ ಬೊಗಳಿದರೆ ಕೆಮ್ಮಿದ ಹಾಗಿರುತ್ತಿತ್ತು, ಹೋಗುವವರು ನಿಂತು ಅದಕ್ಕೆ ಯಾವ ಔಷಧಿ ಒಳ್ಳೆಯದೆಂದು ಅವರಿಗೇ ಹೇಳಿ ಹೋಗುತ್ತಿದ್ದರು. ನನ್ನ ಬಾಯಲ್ಲಿ ಸದಾ ದಾರ ಇರುವುದರಿಂದ ನನ್ನದು ಬರೀ ಗುರ್ ಎನ್ನುವ ಶಾಖೆ. ಆದರೆ ಅಜ್ಜ! ಬದುಕಿನುದ್ದಕ್ಕೂ “ದಯವಿಟ್ಟು ಸ್ವಲ್ಪ ಕಾಯಿರಿ” ಎಂದು ಮೆತ್ತಗೆ ಹೇಳುತ್ತ, ಆಚೆ ಬದಿಯವರಿಂದ ಬಾಯಿಗೆ ಬಂದಂತೆ ಬೈಸಿಕೊಂಡ ಆ ಸಾಧು ಮನುಷ್ಯ, ಅಷ್ಟು ವರ್ಷ ನುಂಗಿದ್ದನ್ನೆಲ್ಲ ಒಮ್ಮೆಗೇ ಹೊರಬಿಟ್ಟರು. ಹಾಲಿನವನು ಸೈಕಲ್ ಬಿಟ್ಟು ಓಡಿದ. ಅಜ್ಜನ ರಕ್ತದೊತ್ತಡ ಇಳಿಯಿತು. ಮನೆಯಲ್ಲಿ ಸೊಸೆಯ ಜೊತೆ ನಕ್ಕು ಮಾತಾಡತೊಡಗಿದರು. ಇದಕ್ಕಾಗಿ ಆ ಕುಟುಂಬ ತಮಗೆ ಚಿರಋಣಿ.

ಕೊಟ್ಟಿಗೆಯಲ್ಲಿ ಕುಳಿತೇ ಇದನ್ನೆಲ್ಲ ಕೇಳಿದ ತಾವು ಹಿಗ್ಗಿದಿರಿ. “ನಮ್ಮ ನಾಯಿ ಇರೋದೊಂದೇ, ದನಿ ಮಾತ್ರ ನಾಲ್ಕು!” ಎಂದು ಕಂಡಕಂಡವರಿಗೆಲ್ಲ ಹೇಳಿದಿರಿ. ಅದನ್ನು ತೋರಿಸಲೆಂದೇ ಒಬ್ಬ ಕಟ್ಟಡದ ಗುತ್ತಿಗೆದಾರರನ್ನು ಹಾಡುಹಗಲೇ ಕರೆತಂದು ಗೇಟಿನ ಮುಂದೆ ನಿಲ್ಲಿಸಿದಿರಿ. ಆ ಗಳಿಗೆಯಲ್ಲಿ ಕಾವಲಿನ ಸರದಿ ನನ್ನದಾಗಿತ್ತು. ಪರಕೀಯನ ಟೋಪಿ ಕಂಡದ್ದೇ ತಡ, ಕೊರಳಿಗೆ ಅಳತೆ ಟೇಪು ನೇತುಹಾಕಿಕೊಂಡೇ ಕಿಟಕಿಯಿಂದ ಅರ್ಧ ಮೈ ಹೊರಚಾಚಿ ಶಕ್ತಿಮೀರಿ ಬೊಗಳಿದೆ. ತಾವು ತಲೆಯೆತ್ತಿದಿರಿ. ಕಣ್ಣಿಗೆ ಕಣ್ಣು ಸೇರಿತು.

“ಅಕ್ಕಾ... ಬೊಗಳ್ತಿದ್ದದ್ದು ನೀವಾ?”

“ಹೂಂ. ಇವತ್ತು ಸ್ವಲ್ಪ ಗಂಟಲು ಕಟ್ಟಿದೆ” ಎಂದೆ. ಮತ್ತೇನು ಹೇಳಲಿ?

ತಾವು ಬೈದಿದ್ದರೆ ಸಹಿಸುತ್ತಿದ್ದೆ. ತಾವು ನಕ್ಕಿರಿ. ನಕ್ಕು, ಮರುದಿನವೇ ಗೇಟಿನ ಮೇಲಿದ್ದ ‘ನಾಯಿ ಇದೆ, ಎಚ್ಚರಿಕೆ’ ಫಲಕದಲ್ಲಿ ಮೊದಲೆರಡು ಪದ ಅಳಿಸಿ, ಕೆಂಪು ಬಣ್ಣದಲ್ಲಿ ‘ನೆರೆಹೊರೆಯವರಿದ್ದಾರೆ, ಎಚ್ಚರಿಕೆ’ ಎಂದು ಬರೆಸಿದಿರಿ. ಊಟ ಕೇಳದ, ಸರಪಳಿ ಬೇಡದ, ನಾಲ್ಕು ದನಿಯ ಕಾವಲು ಬಿಟ್ಟಿ ಸಿಕ್ಕಿರುವಾಗ ನಾಯಿಯಾದರೂ ಯಾಕೆಂದು ಇಟ್ಟಿಗೆ ಗೂಡಿನ ಯಜಮಾನರಿಗೆ ಹೇಳಿಕಳಿಸಿದಿರಿ.

ಆತ ಸಣ್ಣ ವ್ಯಾನಿನಲ್ಲಿ ಹಗ್ಗದೊಂದಿಗೆ ಬಂದ ದಿನದ ಬಗ್ಗೆ ಹಾಸ್ಯವಾಗಿ ಬರೆಯಬೇಕೆಂದು ಕುಳಿತರೂ ಕೈ ತಡೆಯುತ್ತದೆ. ನಾಯಿ ತಕರಾರು ಮಾಡಲಿಲ್ಲ. ಆ ಮನುಷ್ಯನೂ ಫೋನಿನಲ್ಲಿ “ಹಲೋ, ಹಲೋ” ಎನ್ನುತ್ತಲೇ ಬಂದಿದ್ದ. ಇವನೂ ನಮ್ಮವನೇ ಇರಬೇಕೆಂದು ಅದು ತಾನಾಗಿ ಕುತ್ತಿಗೆ ಕೊಟ್ಟು, ಕುಣಿಯುತ್ತ ಅವನ ಹಿಂದೆ ಹೊರಟಿತು. ಯಾರನ್ನೂ ಅನುಮಾನಿಸದಂತೆ ಅದನ್ನು ತಿದ್ದಿದವರು ನಾವು. ಅಕ್ಕ ಮುಖ ತಿರುಗಿಸಿದಳು. ಕಾಂಪೌಂಡರ್ ನಿಜವಾಗಿಯೇ ಕೆಮ್ಮಿದರು. ನಾನು ಮೆಟ್ಟಿಲು ಇಳಿದು ಓಡಿ ಬರುವಷ್ಟರಲ್ಲಿ ಅಜ್ಜ ವ್ಯಾನಿಗೆ ಅಡ್ಡ ನಿಂತಿದ್ದರು. ಬಾಯಿ ತೆರೆದರು, ಬೊಗಳಿದರು. ಎಷ್ಟು ಜೋರಾಗಿ ಬೊಗಳಿದರೆಂದರೆ ಅವರ ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು ಹಾರಿ ವ್ಯಾನಿನಡಿ ಹೋಗಿ ಬಿತ್ತು.

ಹಲೋ ಹಗ್ಗ ಕೊಸರಿಕೊಂಡಿತು. ವ್ಯಾನಿನಡಿ ತೂರಿ, ಹಲ್ಲಿನ ಸೆಟ್ಟನ್ನು ಮೊಟ್ಟೆ ಹಿಡಿದಂತೆ ನಾಜೂಕಾಗಿ ಬಾಯಲ್ಲಿ ಹಿಡಿದು ತಂದು, ಅಜ್ಜನ ಚಪ್ಪಲಿಯ ಮೇಲಿಟ್ಟು, ದೂರ ಸರಿದು ಕುಳಿತಿತು.

ಇಟ್ಟಿಗೆ ಗೂಡಿನಾತ ತಮ್ಮತ್ತ ತಿರುಗಿ, “ಏನ್ರೀ ಇದು? ನಾನು ಕೇಳಿದ್ದು ಕಚ್ಚೋ ನಾಯಿ. ಇದು ಊರಿನವರಿಗೆ ಹಲ್ಲು ಹಂಚುತ್ತಲ್ಲ! ಇಂಥದ್ದನ್ನ ಕಟ್ಕೊಂಡು ನಾನೇನು ದವಾಖಾನೆ ಇಡಲಾ?” ಎಂದು, ತಂದಿದ್ದ ಹಗ್ಗವನ್ನೂ ಮರೆತು ಹೊರಟುಹೋದ. ತಾವು “ಏನಾದ್ರೂ ಮಾಡ್ಕೊಳ್ಳಿ” ಎಂದು ಕೈ ಝಾಡಿಸಿದಿರಿ. ಅದನ್ನು ನಾವು ದಾನಪತ್ರವೆಂದೇ ತಿಳಿದಿದ್ದೇವೆ. ಹಲೋ ಈಗ ಬೀದಿಯ ಆಸ್ತಿ. ಅಜ್ಜನ ಮನೆಯಲ್ಲಿ ಮಲಗುತ್ತದೆ, ಊಟಕ್ಕೆ ಎಲ್ಲರ ಮನೆಗೂ ಬರುತ್ತದೆ.

ಇನ್ನು ನಮ್ಮ ದೂರು. ಫಲಕ ಹಾಗೇ ಇದೆ. ತಮ್ಮ ಲೆಕ್ಕದಲ್ಲಿ ನಾವಿನ್ನೂ ನೌಕರಿಯಲ್ಲಿದ್ದೇವೆ, ಮೊನ್ನೆ ತಾವು ನನ್ನ ಕಿಟಕಿಯತ್ತ ನೋಡಿ, “ಏನಕ್ಕಾ, ಇತ್ತೀಚೆಗೆ ಸದ್ದೇ ಇಲ್ಲ!” ಎಂದು ಗದರಿಸಿದಿರಿ ಕೂಡ. ಹಾಗಿದ್ದರೆ ಸೇವೆಯ ಷರತ್ತುಗಳನ್ನೂ ಈಡೇರಿಸುವ ಕೃಪೆಯಾಗಬೇಕು. ನಮಗೆ ತಲಾ ಒಂದು ಡ್ರಮ್ಮು, ಗಾಳಿ ಆಡುವಂಥದ್ದು. ಮಾರುಕಟ್ಟೆಗೂ ತವರುಮನೆಗೂ ಹೋಗಿಬರುವಷ್ಟು ಉದ್ದದ ಸರಪಳಿ. ವರ್ಷಕ್ಕೊಮ್ಮೆ ಯಾರನ್ನಾದರೂ ಕಚ್ಚಲು ಅನುಮತಿ, ಅದರಲ್ಲಿ ಆಯ್ಕೆಯ ಸ್ವಾತಂತ್ರ್ಯ ನಮ್ಮದು. ಕಾಂಪೌಂಡರ್ ಅವರಿಗೆ ಗಂಟಲಿನ ಭತ್ಯೆ. ಮತ್ತು ಸೂರ್ಯ ತಮ್ಮ ಅಂಗಳದ ಮೇಲೆ ಹಾದುಹೋಗುವಾಗ ಸ್ವಲ್ಪ ಬದಿಗೆ ಸರಿದು ಹೋಗುವಂತೆ ತಾವೇ ಖುದ್ದಾಗಿ ಅವನಲ್ಲಿ ಮಾತಾಡಬೇಕು. ಕೋಟು ಹಾಕಿದವರ ಮಾತನ್ನು ಅವನಾದರೂ ಕೇಳಿಯಾನು. ಇವುಗಳಲ್ಲಿ ಒಂದೂ ಆಗದೆಂದಾದರೆ, ಇದನ್ನೇ ನಮ್ಮ ರಾಜೀನಾಮೆಯೆಂದು ಭಾವಿಸಿ, ಮುಂದೆ ನೇಮಿಸಿಕೊಳ್ಳುವ ಪ್ರಾಣಿ ಯಾವುದೇ ಆಗಿರಲಿ, ಅದರ ಬೋಗುಣಿಯನ್ನು ನಾಲಿಗೆಗೆ ಎಟುಕುವಲ್ಲಿ ಇಡುವಿರೆಂದು ನಂಬಿದ್ದೇವೆ.

ಇಂತಿ, ಸರಪಳಿಯಿಲ್ಲದೆಯೂ ತಮ್ಮ ವಿಶ್ವಾಸಿಯಾಗಿ ಉಳಿದಿರುವ,
ಎದುರು ಮಹಡಿಯ ಹೊಲಿಗೆಯವಳು
(ಬೀದಿಯ ಇತರ ನಿವೃತ್ತ ಕಾವಲುಗಾರರ ಪರವಾಗಿಯೂ)

ತಾ.ಕ.: ಮೇಲಿನದನ್ನು ಬರೆದಿಟ್ಟು ಎರಡು ದಿನವಾಯಿತು. ತಾವು ಊರಿನಲ್ಲಿಲ್ಲದ ಕಾರಣ ಇದನ್ನು ಹೇಳಲಾಗಲಿಲ್ಲ. ನಿನ್ನೆ ಬೆಳಿಗ್ಗೆ ಇಬ್ಬರು ಸಭ್ಯ ಮನುಷ್ಯರು ಲಾರಿ ತಂದು, ತಮ್ಮ ಅಂಗಳದ ಗೇಟನ್ನೇ ಕೀಲು ಸಮೇತ ಬಿಚ್ಚಿ, ಫಲಕದೊಂದಿಗೆ ಹೇರಿಕೊಂಡು ಹೋದರು. ತಮ್ಮ ವ್ಯಾಪಾರವೇ ಅದಾದ್ದರಿಂದ ಮಾರಿರುವಿರೆಂದು ತಿಳಿದು ನಾವ್ಯಾರೂ ಬೊಗಳಲಿಲ್ಲ. ತೂಕ ಬಹಳವಿತ್ತು. ಎತ್ತುವಾಗ ಒಂದು ಕಡೆ ನಾವು ಹಿಡಿದುಕೊಂಡೆವು.