ಭೂತಗನ್ನಡಿಯಲ್ಲಿ ಕಂಡ ಸೀಗಡಿ

ಮಾವನ ಮೊಟ್ಟೆಗಳು ಹೇಳಿದ ದಿನಕ್ಕಿಂತ ಮೊದಲೇ ಒಡೆದದ್ದು ಗಡಿಯಾರ ರಿಪೇರಿಯವನ ಗ್ರಹಚಾರ.

ಮಾವನವೆಂದರೆ, ಮಾವ ಸಾಕಿದ ಸಲಮಾಂಡರ್‌ನವು. ಹಲ್ಲಿಯ ಮೈಗೆ ಮೀನಿನ ಬಾಲ ಹೊಲಿದಂತಿದ್ದರೂ ಕಪ್ಪೆಯ ಬಳಗಕ್ಕೆ ಸೇರಿದ ಪ್ರಾಣಿ ಅದು. ನೆಂಟರ ಮನೆಗೆ ಹೊರಟ ಮಾವ, ಮೊಟ್ಟೆಗಳಿದ್ದ ಗಾಜಿನ ತೊಟ್ಟಿಯನ್ನು ಅಳಿಯನ ಅಂಗಡಿಯಲ್ಲಿಟ್ಟು, ಕಂದು ಪುಡಿಯ ಡಬ್ಬಿಯೊಂದನ್ನು ಅವನ ಕೈಗೆ ಕೊಟ್ಟಿದ್ದರು.

"ಇದು ಪುಡಿಯಲ್ಲ, ಸೀಗಡಿ ಮೊಟ್ಟೆ. ಉಪ್ಪುನೀರಿಗೆ ಹಾಕಿದ್ರೆ ಮರಿಯಾಗುತ್ತೆ. ನಮ್ಮ ಮರಿಗಳು ಅಲ್ಲಾಡದೆ ಇರೋದನ್ನ ಮೂಸಿ ಕೂಡ ನೋಡಲ್ಲ, ಜೀವ ಇರೋ ಊಟಾನೇ ಬೇಕು. ಒಂದೇ ಒಂದು ಮರಿ ಹಸಿವಿಂದ ಸತ್ರೂ, ಅಳಿಯಂದ್ರೇ, ಈ ಕೋಣೆ ನಿಮ್ಮ ಷಡ್ಡಕನಿಗೆ."

ಅಂಗಡಿಯ ಕೋಣೆ ಮಾವನದು. ಫೋಟೋ ಸ್ಟುಡಿಯೋ ಇಡಬೇಕೆಂದು ಷಡ್ಡಕ ಅದರ ಮೇಲೆ ಕಣ್ಣಿಟ್ಟು ಬಹಳ ಕಾಲವಾಗಿತ್ತು. ಮಾವ ತಮಾಷೆ ಮಾಡುವವರ ಪೈಕಿಯಲ್ಲ.

ಈಗ ನೋಡಿದರೆ ತೊಟ್ಟಿಯ ತುಂಬ ದಾರದ ತುಂಡಿನಂಥ ಮರಿಗಳು. ಎಲ್ಲವೂ ಗಾಜಿಗೆ ಅಂಟಿಕೊಂಡು ಅವನನ್ನೇ ದುರುಗುಟ್ಟಿಕೊಂಡು ನೋಡುತ್ತಿವೆ ಎಂದು ಅವನಿಗೆ ಅನ್ನಿಸಿತು. ನಿನ್ನೆಯೇ ಬಾಟಲಿಯ ಉಪ್ಪುನೀರಿಗೆ ಹಾಕಿದ ಪುಡಿ ಮಾತ್ರ ಪುಡಿಯಾಗಿಯೇ ತೇಲುತ್ತಿತ್ತು.

ಗಿರಾಕಿಯ ಕೈಗಡಿಯಾರ ಬಿಚ್ಚಿಕೊಂಡು ಕೂತ. ಕೂತಲ್ಲಿ ಕೂರಲಾಗಲಿಲ್ಲ. ಒಂದು ತಿರುಪು ತಿರುಗಿಸುವುದು, ಎದ್ದು ಬಾಟಲಿ ನೋಡುವುದು, ತೊಟ್ಟಿ ನೋಡುವುದು, ಮತ್ತೆ ಕೂರುವುದು. ನಾಲ್ಕಾರು ಸಲ ಹೀಗಾದ ಮೇಲೆ ತಿರುಪು ಎಲ್ಲಿಗೋ ಹಾರಿಹೋಯಿತು.

ಅದನ್ನು ಹುಡುಕುತ್ತ ನೆಲದ ಮೇಲೆ ತೆವಳುತ್ತಿದ್ದಾಗ ಪಕ್ಕದ ಸೈಕಲ್ ಅಂಗಡಿಯವನು ಬಂದ. ಬೀದಿಯವರೆಲ್ಲ ಅವನನ್ನು ಪಂಕ್ಚರ್ ಎಂದೇ ಕರೆಯುತ್ತಿದ್ದರು. ವಿಷಯ ಕೇಳಿ ಬಾಟಲಿಯನ್ನು ಟ್ಯೂಬು ನೋಡುವ ಹಾಗೆ ತಿರುಗಿಸಿ ನೋಡಿದ.

"ಗಾಳಿ ಸಾಲ್ದು ಅಣ್ಣ. ನೀರಲ್ಲಿ ಗುಳ್ಳೆ ಏಳ್ಬೇಕು."

ಬೇಡವೆನ್ನುವಷ್ಟರಲ್ಲಿ ಪಂಪು ತಂದು, ಅದರ ನಳಿಗೆಯನ್ನು ಬಾಟಲಿಗೆ ಇಳಿಸಿ ಒಂದು ಒತ್ತು ಒತ್ತಿದ. ಉಪ್ಪುನೀರು ಕಾರಂಜಿಯಾಗಿ ಎದ್ದು ಬಿಚ್ಚಿಟ್ಟ ಗಡಿಯಾರದ ಮೇಲೆ ಬಿತ್ತು.

"ಮೆಲ್ಲಗೆ ಒತ್ತಬೇಕಿತ್ತು," ಎಂದು ಪಂಕ್ಚರ್ ತಾನೇ ಒಪ್ಪಿಕೊಂಡು, ಮೆಲ್ಲಗೆ ಒತ್ತತೊಡಗಿದ.

ಗದ್ದಲ ಕೇಳಿ ಮಹಡಿಯಿಂದ ನರ್ಸಮ್ಮ ಇಳಿದು ಬಂದರು. ನಿವೃತ್ತಿಯವರೆಗೂ ಹೆರಿಗೆ ವಾರ್ಡಿನಲ್ಲೇ ಇದ್ದವರು. ಬಾಟಲಿಗೆ ಕೈಯಿಟ್ಟು ಮುಖ ಸಿಂಡರಿಸಿದರು.

"ಇಷ್ಟು ತಣ್ಣಗಿದ್ರೆ ಯಾವ ಮಗು ಹೊರಗೆ ಬರುತ್ತಪ್ಪಾ? ಆ ದೀಪ ಇತ್ತ ತಿರುಗಿಸು. ಮೇಜು ಖಾಲಿ ಮಾಡು."

ಮೇಜು ಖಾಲಿಯಾಯಿತು. ಬಿಸಿನೀರಿನ ಚೀಲ ಬಂತು, ಟವೆಲ್ ಬಂತು. ಬಂದ ಗಿರಾಕಿಗಳನ್ನು ನರ್ಸಮ್ಮ ಬಾಗಿಲಲ್ಲೇ ತಡೆದು, ಒಳಗೆ ಹೆರಿಗೆ ನಡೀತಿದೆ ಎಂದು ಹೇಳಿ ಕಳಿಸಿದರು. ಗಡಿಯಾರದವನು ತನ್ನದೇ ಅಂಗಡಿಯ ಹೊಸ್ತಿಲಿಂದ ಬೀದಿಗೆ, ಬೀದಿಯಿಂದ ಹೊಸ್ತಿಲಿಗೆ ತಿರುಗಾಡಿದ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ದೀಪದ ಕಡೆಯ ನೀರು ಕಿತ್ತಳೆ ಬಣ್ಣಕ್ಕೆ ತಿರುಗಿತು. ಅವನು ಓಡಿ ಬಂದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಬಗ್ಗಿದ. "ಬಂದ್ವು ನರ್ಸಮ್ಮ. ಕೈ ಬಡೀತಿದಾವೆ."

ಭೂತಗನ್ನಡಿ ಹಿಡಿದದ್ದರಿಂದಲೇ ಅವನು ಕೆಟ್ಟದ್ದು. ಬರಿಗಣ್ಣಿಗೆ ಅದು ಕದಡಿದ ನೀರು, ಅಷ್ಟೇ.

"ಎಲ್ಲಿ, ಕೊಡು ಇಲ್ಲಿ," ಎಂದು ನರ್ಸಮ್ಮ ಭೂತಗನ್ನಡಿ ಇಸಿದುಕೊಂಡರು. ಮೂಗು ಬಾಟಲಿಗೆ ತಾಗುವಷ್ಟು ಬಗ್ಗಿ ನೋಡಿದರು. ಆಮೇಲೆ ಪಂಕ್ಚರ್‌ಗೆ ಕೊಟ್ಟರು.

"ಅಣ್ಣ, ಒಂದೇ ಕಣ್ಣು ಇವಕ್ಕೆ," ಎಂದ ಅವನು ಸಣ್ಣ ದನಿಯಲ್ಲಿ. "ಒಂದು ನನ್ನನ್ನೇ ನೋಡ್ತಿದೆ."

ಗಡಿಯಾರದವನು ಸೋಸುವ ಬಟ್ಟೆ ತಂದ. "ಸರಿ, ಇನ್ನು ಸೋಸಿ, ಉಪ್ಪು ತೊಳೆದು, ಆ ತೊಟ್ಟಿಗೆ ಹಾಕ್ಬಿಡೋಣ."

ನರ್ಸಮ್ಮ ಬಾಟಲಿಯನ್ನು ಎದೆಗೆ ಅವಚಿಕೊಂಡರು. "ಎಷ್ಟೋ ಹೆರಿಗೆ ಮಾಡಿಸಿದೀನಪ್ಪ. ಕೈಗೆ ಬಂದ ಮಗೂನ ಯಾರ ಬಾಯಿಗೂ ಹಾಕಿಲ್ಲ."

"ಅಯ್ಯೋ, ಅದು ಊಟ ನರ್ಸಮ್ಮ."

"ಹುಲಿಗೆ ನೀನೂ ಊಟಾನೇ."

"ನನ್ನ ಅಂಗಡಿ ಹೋಗುತ್ತೆ. ನಿಮ್ಮ ಕಾಲಿಗೆ ಬೀಳ್ತೀನಿ."

"ನಾನು ಗಾಳಿ ಹೊಡೆದದ್ದು ಇದಕ್ಕಾ ಅಣ್ಣ?" ಎಂದ ಪಂಕ್ಚರ್. ಅವನ ಮುಖ ನೋಡಲಾಗುತ್ತಿರಲಿಲ್ಲ. ಅಷ್ಟರಲ್ಲಿ ನರ್ಸಮ್ಮ ಬಾಟಲಿ, ಭೂತಗನ್ನಡಿ ಎರಡನ್ನೂ ಹಿಡಿದು ಮಹಡಿ ಹತ್ತಿ ಚಿಲಕ ಹಾಕಿಕೊಂಡಾಗಿತ್ತು.

ಗಡಿಯಾರದವನು ಬಾಗಿಲು ತಟ್ಟಿದ, ಗೋಗರೆದ, ಮತ್ತೆ ಕೆಳಗಿಳಿದ. ಬೇಯಿಸಿದ ಕೋಳಿಮೊಟ್ಟೆಯ ಚೂರನ್ನು ಚಿಮಟದಲ್ಲಿ ಹಿಡಿದು, ಜೀವ ಇರುವ ಹಾಗೆ ಮರಿಗಳ ಮುಂದೆ ಕುಣಿಸಿದ. ಮರಿಗಳು ನಂಬಲಿಲ್ಲ. ಅವನಿಗೆ ಅಳುವೇ ಬಂತು. ಹಾಗೆ ಕುಣಿಸುತ್ತಿದ್ದಾಗಲೇ ಮಾವ ಒಂದು ದಿನ ಮೊದಲೇ ಬಂದು ಬಾಗಿಲಲ್ಲಿ ನಿಂತರು.

ಅವನು ತಲೆ ತಗ್ಗಿಸಿ ಎಲ್ಲವನ್ನೂ ಒದರಿದ. ಮಾವ ತೊಟ್ಟಿಯತ್ತ ಬಗ್ಗಿದರು.

"ಇವತ್ತು ಹುಟ್ಟಿದ್ದಾ? ಹೊಟ್ಟೇಲಿ ಹಳದಿ ಕಾಣಲ್ವಾ? ಅದು ತಾಯಿ ಕಟ್ಟಿಕೊಟ್ಟ ಬುತ್ತಿ. ಇನ್ನೂ ಒಂದೆರಡು ದಿನ ಇವಕ್ಕೆ ಊಟಾನೇ ಬೇಡ. ನಾನು ಹೇಳಿರ್ಲಿಲ್ವಾ?"

"ಇಲ್ಲ ಮಾವ," ಎಂದು ಅವನು ಬೆಳಗಿನಿಂದ ಮೊದಲ ಬಾರಿಗೆ ನೆಮ್ಮದಿಯಾಗಿ ಕೂತ. ಅಂಗಡಿ ಉಳಿಯಿತು.

ಮಾವನ ದನಿ ಕೇಳಿ ನರ್ಸಮ್ಮ ಇಳಿದು ಬಂದರು. ಬಾಟಲಿಯನ್ನು ಮೇಜಿನ ಮೇಲಿಟ್ಟು ಭೂತಗನ್ನಡಿ ಮುಂದೆ ಹಿಡಿದರು. "ಮೊದಲು ನೋಡಿ, ಆಮೇಲೆ ಮಾತಾಡಿ."

ಮಾವ ಇಷ್ಟು ವರ್ಷ ಸೀಗಡಿ ಮರಿಗಳನ್ನು ಚಮಚದಲ್ಲಿ ಅಳೆದು ಹಾಕಿದ್ದರೇ ಹೊರತು ಮುಖ ನೋಡಿದವರಲ್ಲ. ಈಗ ನೋಡಿದರು. ನೋಡುತ್ತಲೇ ಇದ್ದರು. ತಲೆಯೆತ್ತಿದಾಗ ಕಣ್ಣು ಒದ್ದೆಯಾಗಿತ್ತು.

"ಪಾಪ, ಇವಕ್ಕೆ ಬೆಳಕು ಬೇಕು, ಬೆಚ್ಚಗಿರ್ಬೇಕು," ಎಂದು ಕೋಣೆಯ ಸುತ್ತ ಕಣ್ಣು ಹಾಯಿಸಿದರು. "ಈ ಕೋಣೇನೇ ಸರಿ. ಸಾಲಾಗಿ ತೊಟ್ಟಿ ಇಡೋಣ. ನರ್ಸಮ್ಮ ನೋಡ್ಕೊಳ್ಳಲಿ."

ಗಡಿಯಾರದವನು ಎದ್ದು ನಿಂತ. "ಮಾವ, ನನ್ನ ಅಂಗಡಿ?"

"ಷಡ್ಡಕನಿಗಂತೂ ಕೊಡಲ್ಲ. ಆ ಚಿಂತೆ ಬಿಡಿ."

"ಹಾಗಾದ್ರೆ ನಿಮ್ಮ ಮರಿಗಳಿಗೆ ಊಟ?"

"ಚರಂಡೀಲಿ ಸೊಳ್ಳೆ ಮರಿ ಬೇಕಾದಷ್ಟು ಸಿಗುತ್ತೆ. ಹೇಗೂ ನಾಳೆಯಿಂದ ಬಿಡುವಾಗಿರ್ತೀರಿ, ನೀವೇ ಹಿಡ್ಕೊಂಡು ಬನ್ನಿ. ಆದ್ರೆ ಒಂದು ಮಾತು, ಅಳಿಯಂದ್ರೇ."

ಮಾವ ಭೂತಗನ್ನಡಿಯನ್ನು ತಮ್ಮ ಜೇಬಿಗೆ ಇಳಿಸಿಕೊಂಡರು.

"ಆ ಸೊಳ್ಳೆ ಮರಿಗಳನ್ನ ಇದರಲ್ಲಿ ಯಾರಿಗೂ ತೋರಿಸ್ಬೇಡಿ."