ಕೂದಲೆಳೆಯಷ್ಟು ಸಡಿಲ

ಮೊದಲ ಸಲ ಅದು ಕೈತಪ್ಪಿ ಆದದ್ದು. ಬಾಕ್ಸಿಂಗ್ ಹುಡುಗಿಯ ಹಲ್ಲು ಕಾಯುವ ಮೌತ್‌ಗಾರ್ಡಿನ ಅಂಚನ್ನು ಅಚ್ಚಣ್ಣ ಕೂದಲೆಳೆಯಷ್ಟು ಹೆಚ್ಚು ಉಜ್ಜಿಬಿಟ್ಟಿದ್ದ. ಅದು ಹಲ್ಲಿನ ಮೇಲೆ ನಿಲ್ಲದೆ ಜಾರಿತು. ಅವಳು ವಾಪಸು ಬಂದಳು. ಬಂದದ್ದು ಎಷ್ಟು ಚೆನ್ನಾಗಿತ್ತೆಂದರೆ, ಆಮೇಲಿನ ಸಲಗಳಲ್ಲಿ ಅಂಚು ಸವೆದದ್ದಕ್ಕೆ ಕೈಯನ್ನು ದೂರುವ ಹಾಗಿರಲಿಲ್ಲ.

ಹಲ್ಲಿನ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಕೂತು ಅಚ್ಚು ಎರೆಯುವವನಾದ್ದರಿಂದ ಅವನಿಗೆ ಆ ಹೆಸರು. ಜನರನ್ನು ಅವನು ಮುಖದಿಂದಲ್ಲ, ಹಲ್ಲಿನಿಂದ ಬಲ್ಲ. ಅವಳಿಗಿಂತ ಮೊದಲು ಅವನ ಮೇಜಿಗೆ ಬಂದದ್ದೂ ಅವಳ ಹಲ್ಲೇ: ಮುಂದಿನೆರಡರ ನಡುವೆ ಸಣ್ಣ ಸಂದು, ನಾಚಿಕೊಂಡಂತೆ ಒಳಕ್ಕೆ ತಿರುಗಿದ ಒಂದು ಕೋರೆಹಲ್ಲು. ಆ ಪ್ಲಾಸ್ಟರ್ ಅಚ್ಚನ್ನು ಕಿಟಕಿಯ ಬೆಳಕಿನಲ್ಲಿ ಇಟ್ಟಿದ್ದ. ತಲೆಯೆತ್ತಿದಾಗಲೆಲ್ಲ ಅದು ಏನೋ ಹೇಳಹೊರಟು ತಡೆದುಕೊಂಡಂತೆ ಕಾಣುತ್ತಿತ್ತು.

ಇವತ್ತು ಬೆಳಿಗ್ಗೆ ಕೌಂಟರಿನ ಅಕ್ಕ ಬಾಗಿಲಲ್ಲಿ ತಲೆ ಹಾಕಿದಳು. "ನಿನ್ನ ಹುಡುಗಿಗೆ ನಾಳೆ ಪಂದ್ಯವಂತೆ. ಸಂಜೆಗೆ ಹೊಸ ಗಾರ್ಡು ಬೇಕಂತೆ."

"ನನ್ನ ಹುಡುಗಿ ಅಲ್ಲಕ್ಕ."

"ಅದಕ್ಕೇ ಹೇಳ್ತಿರೋದು. ಊರವರ ಬಾಯಿ ನೋಡ್ಕೊಂಡೇ ಮುದುಕ ಆಗ್ತೀಯ. ಇವತ್ತಾದ್ರೂ ನಿನ್ನ ಬಾಯಿ ಬಿಡು."

ಪಂದ್ಯ ಅಂದ ಕೂಡಲೇ ಅಚ್ಚಣ್ಣ ಕಿಟಕಿಯ ಅಚ್ಚಿನ ಕಡೆ ತಿರುಗಿದ. ಸಡಿಲ ಗಾರ್ಡು ಹಾಕಿಕೊಂಡು ಏಟು ತಿಂದರೆ ಆ ಸಂದಿನ ಎರಡೂ ಬದಿಯ ಹಲ್ಲು ಹೋದಂತೆಯೇ. ಈ ಸಲ ಸರಿಯಾಗಿಯೇ ಮಾಡಬೇಕು; ಮಾಡಿದರೆ ಅವಳು ಮತ್ತೆ ಬರುವುದಿಲ್ಲ, ಇದೇ ಕೊನೆಯದು. ಕೊನೆಯದಾದ್ದರಿಂದ ಹೇಳಿಯೂ ಬಿಡಬೇಕು. ಅಕ್ಕ ಅತ್ತ ಹೋದ ಮೇಲೆ ಅಚ್ಚನ್ನು ಕೈಗೆತ್ತಿಕೊಂಡು ಅಭ್ಯಾಸಕ್ಕೆ ನಿಂತ.

"ನಿಮ್ಮ ಹತ್ರ ಒಂದು ಮಾತು..."

"ಸ್ವಲ್ಪ ಜೋರಾಗಿ," ಎಂದಳು ಹಿಂದಿನಿಂದ ಅಕ್ಕ.

ಅಚ್ಚು ಕೈಜಾರಿ ನೆಲಕ್ಕೆ ಬಿದ್ದು ಎರಡು ಹೋಳಾಯಿತು.

"ಪುಣ್ಯಾತ್ಮ, ಪಂದ್ಯಕ್ಕೆ ಮುಂಚೇನೇ ಅವಳ ಹಲ್ಲುದುರಿಸಿದೆಯಲ್ಲೋ."

ಹೊಸ ಅಳತೆಗೆ ಬರಬೇಕೆಂದು ಅಕ್ಕನೇ ಫೋನು ಮಾಡಿದಳು. ಹುಡುಗಿ ಬಂದಾಗ ಡಾಕ್ಟರು ಯಾರದೋ ದವಡೆಯೊಳಗೆ ಮುಳುಗಿದ್ದರು. "ಅಚ್ಚು ತಾನೆ, ನೀನೇ ತೆಗೆಯೋ," ಎಂದು ಅಲ್ಲಿಂದಲೇ ಕೂಗಿದರು.

ಅಚ್ಚಣ್ಣ ಅಳತೆ ತೆಗೆಯುವ ಗುಲಾಬಿ ಮುದ್ದೆ ಕಲಸಿ, ದವಡೆಯಾಕಾರದ ತಟ್ಟೆಗೆ ತುಂಬಿ, ಅವಳ ಮೇಲ್ದವಡೆಗೆ ಒತ್ತಿ ಹಿಡಿದ. "ಇದು ಗಟ್ಟಿಯಾಗೋವರೆಗೂ ಮಾತಾಡ್ಬೇಡಿ."

ಎದುರಿಗಿರುವವರಿಗೆ ಉತ್ತರ ಕೊಡಲಾಗದ ಇಂಥ ಅವಕಾಶ ಅವನಂಥವನಿಗೆ ಮತ್ತೆಲ್ಲಿ ಸಿಗಬೇಕು? ಗೋಡೆ ನೋಡಿಕೊಂಡು ಒಂದೇ ಉಸಿರಿಗೆ ಒದರಿದ: "ಗಾರ್ಡು ಸಡಿಲ ಆಗಿದ್ದು ನನ್ನಿಂದ. ಬೇಕೂಂತ್ಲೇ ಮಾಡಿದ್ದು. ನೀವು ಮತ್ತೆ ಬರ್ಲಿ ಅಂತ."

"ಊಂ ಊಂ ಊಂ," ಎಂದಳು ಅವಳು.

ಬೈಗುಳವೇ ಇರಬೇಕೆಂದುಕೊಂಡು ಅಚ್ಚಣ್ಣ ತಟ್ಟೆ ತೆಗೆದ. ಅವಳು ತುಟಿ ಒರೆಸಿಕೊಂಡು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ನೀವು ಒಳ್ಳೇವ್ರು ಕಣ್ರೀ. ನಾನೂ ಅದನ್ನ ಬಿಸಿನೀರಲ್ಲಿ ಅದ್ದಿ ಸೊಟ್ಟ ಮಾಡ್ತಿದ್ದೆ."

ಅಂಚು ಉಜ್ಜುವ ಮಷೀನಿನಂತೆ ಅವನ ಎದೆ ಗುರ್ರೆಂದಿತು. "ನೀವೂನಾ? ಇಲ್ಲಿಗೆ ಬರೋದಕ್ಕೆ?"

"ಹೊಡೆದಾಡದೆ ಇರೋದಕ್ಕೆ. ನಮ್ಮಪ್ಪನೇ ಕೋಚು. ಗಾರ್ಡು ಸರಿಯಿಲ್ಲ ಅಂದ್ರೆ ರಿಂಗಿಗೆ ಇಳಿಸಲ್ಲ. ಒಬ್ರ ಮುಖಕ್ಕೆ ಹೊಡಿಯೋದು ಅಂದ್ರೆ ನನಗೆ ಅಳು ಬರುತ್ತೆ. ಅಪ್ಪನಿಗೆ ಹೇಳೋ ಧೈರ್ಯ ಇಲ್ಲ. ಇವತ್ತೂ ಒಂಚೂರು ಸಡಿಲ ಮಾಡಿಕೊಡ್ರೀ. ಸರಿ ಮಾಡಿಸೋಕೆ ಪ್ರತಿ ವಾರ ಬರ್ತೀನಿ."

ಪ್ರತಿ ವಾರ. ಮಧ್ಯಾಹ್ನವೆಲ್ಲ ಆ ಎರಡು ಪದ ಕೋಣೆಯಲ್ಲಿ ಸುತ್ತಿದವು. ಹೊಸ ಅಚ್ಚಿನ ಮೇಲೆ ಗಾರ್ಡು ಮಾಡಿ, ಅಂಚನ್ನು ಮಷೀನಿಗೆ ಹಿಡಿದ. ಅಪ್ಪ ಸರಿಯಾಗಿ ನೋಡದೆ ರಿಂಗಿಗೆ ಇಳಿಸಿಬಿಟ್ಟರೆ? ಕೈ ಹಿಂದೆ ಬಂತು. ಮತ್ತೆ ಹಿಡಿದ. ಮತ್ತೆ ಆ ಸಂದು ಕಣ್ಣಿಗೆ ಬಿತ್ತು. ಕೊನೆಗೆ ಮಷೀನಿನ ಸ್ವಿಚ್ಚನ್ನೇ ಆರಿಸಿದ.

ಸಂಜೆ ಅಪ್ಪ ಮಗಳು ಬಂದರು. ಅವಳು ಗಾರ್ಡು ಕಚ್ಚಿದಳು. ಅಪ್ಪ ಬೆರಳು ಹಾಕಿ ಎಳೆದು ನೋಡಿದ. ಅದು ಅಲುಗಲಿಲ್ಲ.

"ಹುಟ್ಟುವಾಗಲೇ ಬಂದ ಹಾಗಿದೆಯಲ್ಲಯ್ಯ. ಇವಳು ಎರಡು ವರ್ಷ ಈ ಕಡೆ ತಲೆ ಹಾಕೋ ಕೆಲಸಾನೇ ಇಲ್ಲ. ನಮ್ಮ ಗರಡಿಯ ದಾಂಡಿಗರನ್ನೆಲ್ಲ ನಿನ್ನ ಹತ್ರಾನೇ ಕಳಿಸ್ತೀನಿ."

ಅವಳ ಕಣ್ಣು ತುಂಬಿತ್ತು. ಗಾರ್ಡು ತೆಗೆಯಲು ಕೈ ಎತ್ತಿದಳು.

"ಇರ್ಲಿ ಬಿಡಮ್ಮ, ಮನೆವರೆಗೂ ಅಭ್ಯಾಸ ಆಗ್ಲಿ," ಎಂದ ಅಪ್ಪ.

ಅವಳು ಅಚ್ಚಣ್ಣನನ್ನೇ ನೋಡುತ್ತ ಗಾರ್ಡಿನ ಹಿಂದಿನಿಂದ ಏನೋ ಹೇಳಿದಳು. ಸಾಕಷ್ಟು ಉದ್ದವಾಗಿಯೇ ಹೇಳಿದಳು.

"ಥ್ಯಾಂಕ್ಸ್ ಹೇಳ್ತಿದ್ದಾಳೆ," ಎಂದು ಅಪ್ಪ ಕರೆದುಕೊಂಡು ಹೋದ.

ಅಕ್ಕ ಕೌಂಟರಿನಿಂದ ಓಡಿ ಬಂದಳು. "ಹೇಳಿದ್ಯಾ?"

"ಹೇಳಿದೆ."

"ಅವಳೇನಂದ್ಲು?"

ಅಚ್ಚಣ್ಣ ಹೊಸ ಅಚ್ಚನ್ನು ಒಯ್ದು ಕಿಟಕಿಯಲ್ಲಿಟ್ಟ. ಇದು ಏನೋ ಹೇಳಹೊರಟಂತೆ ಕಾಣುತ್ತಿರಲಿಲ್ಲ, ಹೇಳಿ ಮುಗಿಸಿದಂತಿತ್ತು. ಅವನಿಗೆ ಮಾತ್ರ ಒಂದಕ್ಷರವೂ ಅರ್ಥವಾಗಿರಲಿಲ್ಲ.